ಆ ಒಂದು ಸಾಲಿನಲ್ಲಿ ನಾನು ‘ನಿಲ್’ ಎಂದು ಬರೆದಿದ್ದೆ: ಡಿಸೆಬಿಲಿಟಿ ಪೆನ್ಶನ್ ಕೇಳುವ ಮಾಜಿ ಸೈನಿಕರಿಗೆ

ಕಟಪಾಡಿಯ ನಮ್ಮ ಮನೆಗೆ ಯಾರಾದರೂ ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ಬಂದರೆ ಹೆಂಡತಿ ಕೇಳದೆಯೇ ಚಹಾಕ್ಕೆ ನೀರಿಡುತ್ತಾಳೆ. ತೊಟ್ಟೆಯಲ್ಲಿ ಏನುಂಟು ಅಂತ ಅವಳಿಗೂ ಗೊತ್ತು. ಡಿಸ್ಚಾರ್ಜ್ ಬುಕ್, ಪೆನ್ಶನ್ ಎಷ್ಟು ಎಂದು ಬರೆದ ಪಿಪಿಒ (ಪೆನ್ಶನ್ ಆದೇಶ), ಮಡಚಿ ಮಡಚಿ ಹರಿದ ಮೆಡಿಕಲ್ ಬೋರ್ಡ್ ಜೆರಾಕ್ಸ್. ಬಂದವರ ಪ್ರಶ್ನೆಯೂ ಹೆಚ್ಚುಕಮ್ಮಿ ಒಂದೇ. “ಅಣ್ಣಾ, ಸೊಂಟ ಹೋದದ್ದು ಸರ್ವಿಸಿನಲ್ಲಿ. ಪೆನ್ಶನಿನಲ್ಲಿ ಅದರ ದುಡ್ಡು ಯಾಕಿಲ್ಲ?”

ನಾನೂ ಒಂದು ಕಾಲದಲ್ಲಿ ಇದನ್ನೇ ಕೇಳುತ್ತಾ ತಿರುಗಿದವನು. ಸೇನೆಯಲ್ಲಿ 24 ವರ್ಷ ಡ್ರೈವರ್ ಆಗಿದ್ದೆ, ಹವಾಲ್ದಾರ್ ಆಗಿ 2016ರಲ್ಲಿ ಹೊರಬಂದೆ. 2009ರ ಜನವರಿಯಲ್ಲಿ ಉತ್ತರ ಸಿಕ್ಕಿಂನಲ್ಲಿ ಸ್ಟಾಲಿಯನ್ ಲಾರಿಯ ಚಕ್ರಕ್ಕೆ ಹಿಮದ ಚೈನ್ ಕಟ್ಟುವಾಗ ಜ್ಯಾಕ್ ಜಾರಿತು. ನಾನು ಚೈನ್ ಬಿಡಲಿಲ್ಲ. ಸೊಂಟದಲ್ಲಿ ‘ಟಕ್’ ಅಂತ ಸದ್ದಾಯಿತು. ಯುನಿಟ್ಟಿನ ಚಿಕಿತ್ಸಾ ಕೋಣೆ ಎಂ.ಐ. ರೂಮಿನಲ್ಲಿ ಎರಡು ಮಾತ್ರೆ ಕೊಟ್ಟರು, ಮಲಗಿದೆ. ಇಂಜುರಿ ರಿಪೋರ್ಟ್ ಯಾರೂ ಮಾಡಲಿಲ್ಲ. ನಾನೂ ಕೇಳಲಿಲ್ಲ. ಮೂರು ತಿಂಗಳ ನಂತರ ಮಿಲಿಟರಿ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದಾಗ ಡಿಸ್ಕ್ ಜಾರಿದ್ದು ಗೊತ್ತಾಯಿತು. ಪೂರ್ತಿ ಫಿಟ್ ಅಲ್ಲ ಎನ್ನುವ ಲೋ ಮೆಡಿಕಲ್ ಕ್ಯಾಟಗರಿಗೆ ಹಾಕಿದರು. ಅದೇ ಸೊಂಟದಲ್ಲಿ ಇನ್ನೂ ಏಳು ವರ್ಷ ಗಾಡಿ ಓಡಿಸಿದೆ.

ಈಗ ವಿಷಯಕ್ಕೆ ಬರೋಣ. ಅವಧಿ ಮುಗಿಸಿ ಹೊರಬಂದವನಿಗೆ ಈ ವೈಕಲ್ಯದ ದುಡ್ಡು, ಅಂದರೆ ಡಿಸೆಬಿಲಿಟಿ ಪೆನ್ಶನ್, ಸಿಗಬೇಕಾದರೆ ಎರಡು ಪ್ರಶ್ನೆ ದಾಟಬೇಕು. ಒಂದು, ವೈಕಲ್ಯ ಶೇಕಡಾ 20 ಅಥವಾ ಅದಕ್ಕಿಂತ ಜಾಸ್ತಿ ಉಂಟಾ? ಎರಡು, ಅದು ಸೇವೆಯಿಂದ ಬಂದದ್ದಾ ಅಥವಾ ಸೇವೆಯಿಂದ ಹೆಚ್ಚಾದದ್ದಾ? ಎರಡನೆಯದಕ್ಕೆ ಸೇನೆಯ ವೈದ್ಯರ ಬೋರ್ಡ್ ‘ಎರಡೂ ಅಲ್ಲ’ ಎಂದರೆ ಕಾಗದದಲ್ಲಿ ಎನ್‌ಎಎನ್‌ಎ (ನೈದರ್ ಆಟ್ರಿಬ್ಯೂಟೆಬಲ್ ನಾರ್ ಆಗ್ರವೇಟೆಡ್) ಅಂತ ಬರುತ್ತದೆ. ನಾವು ಅದನ್ನು ‘ನಾನಾ’ ಎನ್ನುತ್ತೇವೆ. ನನ್ನ ಹತ್ತಿರ ಬರುವ ಹೆಚ್ಚಿನವರ ಬೋರ್ಡ್ ಕಾಗದದಲ್ಲಿ ಈ ನಾನಾ ಕುಳಿತಿರುತ್ತದೆ. ಓದಿದವನು “ತಪ್ಪು ಮಾಡಿದ್ದು ನಾನಾ?” ಅಂತ ತನ್ನನ್ನೇ ಕೇಳಿಕೊಳ್ಳಬೇಕು.

ಶೇಕಡಾವಾರಿನ ಜಗಳ ಕಡಿಮೆ. ನಿಜವಾದ ಕುಸ್ತಿ ನಾನಾದ ಜೊತೆ.

ಇನ್ನೂ ಸರ್ವಿಸಿನಲ್ಲಿರುವ ಹುಡುಗರು ಓದುತ್ತಿದ್ದರೆ ಮೊದಲು ನಿಮಗೆ ಹೇಳುತ್ತೇನೆ. ಬಿದ್ದ ದಿನವೇ ಇಂಜುರಿ ರಿಪೋರ್ಟ್ ಮಾಡಿಸಿ. ಅದರ ಫಾರ್ಮ್ ಐಎಎಫ್‌ವೈ-2006. “ಸಣ್ಣದು ಮಾರಾಯ, ಬಿಡು” ಎಂದು ಯಾರು ಹೇಳಿದರೂ ಬಿಡಬೇಡಿ. ಪಿಟಿಯಲ್ಲಿ, ಯುನಿಟ್ ಏರ್ಪಡಿಸಿದ ಆಟದಲ್ಲಿ ಬಿದ್ದರೂ ಅದು ಡ್ಯೂಟಿಯೇ. ರಜೆ ಮುಗಿಸಿ ಊರಿನಿಂದ ಯುನಿಟ್‌ಗೆ ಹೋಗುವ ದಾರಿಯೂ ಡ್ಯೂಟಿಯೇ. ಆದರೆ ರಜೆಯಲ್ಲಿ ಮನೆಯ ತೆಂಗಿನ ಮರದಿಂದ ಬಿದ್ದರೆ ಅಲ್ಲ. ಆ ಕೇಸು ಹಿಡಿದು ಬರುವವರಿಗೆ ನಾನು ಚಹಾ ಕೊಟ್ಟು ಕಳಿಸುತ್ತೇನೆ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ.

ಇನ್ನು ಬಿಡುಗಡೆಯ ಮೆಡಿಕಲ್ ಬೋರ್ಡ್. ಲೋ ಮೆಡಿಕಲ್ ಕ್ಯಾಟಗರಿಯಲ್ಲಿ ಹೊರಬರುವವರಿಗೆ ಇದು ಆಗಲೇಬೇಕು. ಫಾರ್ಮ್ ಎಎಫ್‌ಎಂಎಸ್‌ಎಫ್-16. ಅದರ ಮೊದಲ ಭಾಗ ನಿಮ್ಮದೇ ಹೇಳಿಕೆ. ಎಲ್ಲೆಲ್ಲಿ ಪೋಸ್ಟಿಂಗ್ ಆಗಿತ್ತು, ಗಡಿ-ಕಾರ್ಯಾಚರಣೆಯ ಫೀಲ್ಡಾ ಶಾಂತ ಜಾಗದ ಪೀಸಾ, ಕಾಯಿಲೆ ಯಾವಾಗ ಎಲ್ಲಿ ಶುರುವಾಯಿತು, ಸೇರುವ ಮೊದಲೇ ಇತ್ತಾ. ಆಮೇಲೆ ಒಂದು ಪ್ರಶ್ನೆ ಬರುತ್ತದೆ. ನಿಮ್ಮ ವೈಕಲ್ಯಕ್ಕೆ ಕಾರಣವಾದ ಅಥವಾ ಅದನ್ನು ಹೆಚ್ಚು ಮಾಡಿದ ಘಟನೆ ಸೇವೆಯಲ್ಲಿ ಏನಾದರೂ ನಡೆದಿದ್ದರೆ ವಿವರ ಕೊಡಿ.

ಅಲ್ಲಿ ನಾನು ‘ನಿಲ್’, ಅಂದರೆ ಏನೂ ಇಲ್ಲ, ಎಂದು ಬರೆದೆ.

ಯಾಕೆ ಅಂತ ಕೇಳಬೇಡಿ. ಪಕ್ಕದಲ್ಲಿ ಕೂತವನು ನಿಲ್ ಬರೆದಿದ್ದ. ಮರುದಿನ ಸಂಜೆ ಮಂಗಳೂರಿನ ರೈಲು. ಮಕ್ಕಳಿಗೆ ಏನು ಒಯ್ಯುವುದು ಎಂಬುದೇ ತಲೆಯಲ್ಲಿತ್ತು. ಏಳು ವರ್ಷ ನೋವು ತಿಂದವನು ಜ್ಯಾಕ್ ಜಾರಿದ ಕಥೆಯನ್ನು ಬರೆಯಲೇ ಇಲ್ಲ. ಬೋರ್ಡಿನವರು ಸೊಂಟಕ್ಕೆ ಶೇಕಡಾ 20 ಕೊಟ್ಟರು, ಜೀವನಪರ್ಯಂತ ಎಂದೂ ಬರೆದರು, ಪಕ್ಕದಲ್ಲಿ ನಾನಾ ಹಾಕಿದರು. ಇಂಜುರಿ ರಿಪೋರ್ಟ್ ಇಲ್ಲ, ಇವನೇ ನಿಲ್ ಎಂದಿದ್ದಾನೆ, ಇನ್ನೇನು ಬರೆಯುತ್ತಾರೆ?

ನೀವು ಆ ಸಾಲಿನಲ್ಲಿ ತಿಂಗಳು, ವರ್ಷ, ಜಾಗ, ಮಾಡುತ್ತಿದ್ದ ಕೆಲಸ, ಜೊತೆಗಿದ್ದವನ ಹೆಸರು ಎಲ್ಲ ಬರೆಯಿರಿ. ಜಾಗ ಸಾಲದಿದ್ದರೆ ಬೇರೆ ಹಾಳೆ ಅಂಟಿಸಿ. ಬಿಪಿ, ಶುಗರ್ ಇದ್ದವರು ಅದು ಮೊದಲು ಪತ್ತೆಯಾದದ್ದು ಯಾವ ಪೋಸ್ಟಿಂಗ್‌ನಲ್ಲಿ ಎಂಬುದನ್ನು ಸರಿಯಾಗಿ ಬರೆಯಬೇಕು. ಎತ್ತರದ ಜಾಗವೋ, ಗಡಿಯೋ, ಉಗ್ರರ ವಿರುದ್ಧದ ಡ್ಯೂಟಿಯೋ ಅಂತ ಬೋರ್ಡ್ ನೋಡುತ್ತದೆ. ಹೃದಯಾಘಾತವಾದರೆ ಅದಕ್ಕೆ ಮೊದಲಿನ 14 ದಿನ ನಿಮ್ಮ ಡ್ಯೂಟಿ ಏನಿತ್ತು ಎಂಬ ಚಾರ್ಟರ್ ಆಫ್ ಡ್ಯೂಟೀಸ್ ಕೇಳುತ್ತಾರೆ. ಅದನ್ನು ಯುನಿಟ್ ಕೊಡಬೇಕು. ಯುನಿಟ್ ಬಿಟ್ಟ ಮೇಲೆ ತರಿಸಲು ಏಳು ಕೆರೆಯ ನೀರು ಕುಡಿಯಬೇಕಾಗುತ್ತದೆ. ಹೊರಡುವ ಮೊದಲು ಎಲ್ಲದರ ಫೋಟೋ ತೆಗೆದು ಹೆಂಡತಿಯ ಮೊಬೈಲಿಗೂ ಕಳಿಸಿಡಿ.

ದುಡ್ಡು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಸರ್ವಿಸ್ ಪೆನ್ಶನ್ ಬೇರೆ, ಅದರ ಮೇಲೆ ಬರುವ ಡಿಸೆಬಿಲಿಟಿ ಎಲಿಮೆಂಟ್ ಬೇರೆ. ಶೇಕಡಾ 100 ವೈಕಲ್ಯಕ್ಕೆ ಕೊನೆಯ ಸಂಬಳದ ಶೇಕಡಾ 30. ಸಂಬಳ 40,000 ಎಂದಿಟ್ಟುಕೊಂಡರೆ 12,000 ಆಯಿತು. ಶೇಕಡಾ 20 ಇದ್ದವನಿಗೆ ಅದರಲ್ಲಿ ಐದನೆಯ ಒಂದು ಪಾಲು, 2,400. ಆದರೆ ಇಲ್ಲಿ ಬ್ರಾಡ್ ಬ್ಯಾಂಡಿಂಗ್ ಎಂಬ ಒಳ್ಳೆಯ ಲೆಕ್ಕ ಉಂಟು. 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75ರವರೆಗೆ 75, ಅದಕ್ಕಿಂತ ಮೇಲೆ 100 ಎಂದು ಎಣಿಸುತ್ತಾರೆ. ಆಗ 2,400 ಹೋಗಿ 6,000 ಆಗುತ್ತದೆ. ಮೇಲೆ ಡಿಎ. ಮೊದಲು ಇದು ವೈದ್ಯಕೀಯ ಕಾರಣಕ್ಕೆ ಅರ್ಧದಲ್ಲೇ ಮನೆಗೆ ಕಳಿಸಿದವರಿಗೆ ಮಾತ್ರ ಇತ್ತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅವಧಿ ಮುಗಿಸಿ ಬಂದವರಿಗೂ ಸಿಗಬೇಕು ಎಂದಿತು. ಹಾಗಾಗಿ ಹಳಬರು ಇವತ್ತೇ ಪಿಪಿಒ ತೆಗೆದು ನೋಡಿ. ಅಲ್ಲಿ ಇನ್ನೂ 20 ಅಥವಾ 30 ಅಂತಲೇ ಇದ್ದರೆ ನಿಮ್ಮ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಿ. ಯುದ್ಧದಲ್ಲಿ, ಕಾರ್ಯಾಚರಣೆಯಲ್ಲಿ ಗಾಯಗೊಂಡವರದು ವಾರ್ ಇಂಜುರಿ ಲೆಕ್ಕ. ಅದರ ದರವೇ ಬೇರೆ, ಇದಕ್ಕಿಂತ ಜಾಸ್ತಿ.

ಇನ್ನೊಂದು ಮಾತು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆಮೇಲೆ ಹೊರಬಂದವರಿಗೆ ಅದು. ಅವಧಿ ಮುಗಿಸಿದವರಿಗೆ ಸಿಗುವುದನ್ನು ಅದರಲ್ಲಿ ‘ಇಂಪೇರ್ಮೆಂಟ್ ರಿಲೀಫ್’ ಎಂದು ಕರೆದಿದ್ದಾರೆ. ನನ್ನ ಲೆಕ್ಕ ಹಳೆಯ ನಿಯಮದ್ದು. ನೀವು ಹೊರಬಂದ ತಾರೀಕು ಯಾವುದು ಎಂದು ಮೊದಲು ನೋಡಿ.

ಇನ್ನು ನನ್ನ ಹಾಗೆ ಹೊರಬಂದು ಕೈಸುಟ್ಟುಕೊಂಡವರ ದಾರಿ.

ಮೊದಲ ಕೆಲಸ ಕಾಗದ ಒಟ್ಟು ಮಾಡುವುದು. ನಿಮ್ಮ ಬೋರ್ಡ್ ಪ್ರೊಸೀಡಿಂಗ್ಸ್, ಆಸ್ಪತ್ರೆಯ ಕೇಸ್ ಶೀಟ್, ಹಳೆಯ ಕ್ಯಾಟಗರಿ ಕಾಗದ ಎಲ್ಲವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಕೇಳುವುದು ಯಾರ ಹತ್ತಿರ? ನಿಮ್ಮ ರೆಕಾರ್ಡ್ಸ್ ಆಫೀಸಿನ ಹತ್ತಿರ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಯವರದು ಬೆಂಗಳೂರು, ತೋಪಖಾನೆಯವರದು ನಾಸಿಕ್, ಸಿಗ್ನಲ್ಸ್‌ನವರದು ಜಬಲ್ಪುರ. ನಮ್ಮ ಕರಾವಳಿಯಲ್ಲಿ ನೇವಿಯವರೂ ಉಂಟಲ್ವಾ, ನಾವಿಕರ ದಾಖಲೆ ಮುಂಬೈಯಲ್ಲಿ. ಏರ್‌ಫೋರ್ಸ್‌ನವರು ದಿಲ್ಲಿಗೆ ಬರೆಯಬೇಕು. ಪೆನ್ಶನ್ ಇಲ್ಲದೆ ಹೊರಬಂದವರ ದಾಖಲೆಗಳನ್ನು 25 ವರ್ಷದ ಮೇಲೆ ನಾಶ ಮಾಡುತ್ತಾರೆ, ಅವರು ತಡ ಮಾಡಲೇಬಾರದು.

ನನಗೆ ಬಂದ ಲಕೋಟೆಯಲ್ಲಿ 60 ಪುಟ ಇತ್ತು. ಚಿಮಣಿ ದೀಪದ ಕಾಲದ ಜೆರಾಕ್ಸ್ ಹಾಗೆ ಮಸುಕು. ಮಗಳು ಒಂದೊಂದೇ ಪುಟ ಓದುತ್ತಾ ಹೋದಳು. ಆಸ್ಪತ್ರೆಗೆ ಸೇರಿದ ದಿನದ ಕೇಸ್ ಶೀಟಿನಲ್ಲಿ ಡಾಕ್ಟರ್ ಸಾಹೇಬರು ಕೈಬರಹದಲ್ಲಿ ಅರ್ಧ ಸಾಲು ಗೀಚಿದ್ದರು. ಮೂರು ತಿಂಗಳ ಹಿಂದೆ ಗಾಡಿಗೆ ಚೈನ್ ಕಟ್ಟುವಾಗ ನೋವು ಶುರು, ಅಷ್ಟೇ. ನಾನು ಹೇಳಿದ್ದನ್ನು ಅವರು ಬರೆದುಕೊಂಡಿದ್ದರು. ನನಗೆ ನೆನಪೇ ಇರಲಿಲ್ಲ. “ಅಪ್ಪಾ, ಇದು ಜ್ಯಾಕಿನ ಕಥೆಯಲ್ವಾ?” ಎಂದಳು. ಆ ಪುಟವನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ.

ಎರಡನೆಯದು ಅಪೀಲು. ತಿರಸ್ಕಾರದ ಪತ್ರ ಬಂದ ಮೇಲೆ ಆರು ತಿಂಗಳೊಳಗೆ ಮೊದಲ ಅಪೀಲು ಹಾಕಬೇಕು. ಅದೂ ಬಿದ್ದರೆ ಇನ್ನು ಆರು ತಿಂಗಳಲ್ಲಿ ಎರಡನೆಯದು. ತಡವಾಗಿದ್ದರೆ ಯಾಕೆ ತಡವಾಯಿತು ಎಂದು ಕಾರಣ ಬರೆದು ಜೊತೆಗಿಡಿ. ಇಂಗ್ಲಿಷ್ ಬಾರದಿದ್ದರೆ ಹಿಂದಿಯಲ್ಲಿ ಬರೆಯಿರಿ, ಪಲ್ಟನ್ನಿನ ಹಿಂದಿ ಸಾಕು. ಅಪೀಲಿನಲ್ಲಿ ಅಳಬೇಡಿ. ದೇಶಕ್ಕಾಗಿ ಜೀವ ತೇದೆ ಎಂದು ಎರಡು ಪುಟ ಬರೆದವರನ್ನು ನೋಡಿದ್ದೇನೆ, ಅಲ್ಲಿ ಕೂತವರೂ ಸಮವಸ್ತ್ರದವರೇ. ನಾನು ಬರೆದದ್ದು ಒಂದೇ ಪುಟ. ಸೇರುವಾಗ ಸೊಂಟದ ತೊಂದರೆ ಇತ್ತು ಎಂದು ಯಾವ ದಾಖಲೆಯಲ್ಲೂ ಇಲ್ಲ. ಘಟನೆ ಇಂಥ ತಿಂಗಳು, ಇಂಥ ಜಾಗ. ಕೇಸ್ ಶೀಟಿನ ಇಂಥ ಪುಟ ನೋಡಿ. ಆಗ ಜೊತೆಗಿದ್ದ ಕೋ-ಡ್ರೈವರ್ ಈಗ ಹಾವೇರಿ ಕಡೆ ಇದ್ದಾನೆ, ಅವನ ಅಫಿಡವಿಟ್ ಇದು. ಕೊನೆಗೆ ಸುಪ್ರೀಂ ಕೋರ್ಟಿನ 2013ರ ಧರ್ಮವೀರ್ ಸಿಂಗ್ ತೀರ್ಪು. ಸೇರುವಾಗ ದಾಖಲಾಗದ ಕಾಯಿಲೆ ಆಮೇಲೆ ಬಂದರೆ ಅದು ಸೇವೆಯಿಂದಲೇ ಎಂದು ಹಿಡಿಯಬೇಕು, ಅಲ್ಲ ಎನ್ನುವುದಾದರೆ ಬೋರ್ಡ್ ಕಾರಣ ಬರೆಯಬೇಕು ಎಂಬುದು ಅದರ ಸಾರ. ಹಳೆಯ ನಿಯಮದಲ್ಲಿ ಬರುವವರಿಗೆ ಇದು ದೊಡ್ಡ ಆಸರೆ. ಅರ್ಧದಲ್ಲೇ ಅನರ್ಹ ಎಂದು ಕಳಿಸಲ್ಪಟ್ಟವರಿಗೆ 2014ರ ಸುಖ್ವಿಂದರ್ ಸಿಂಗ್ ತೀರ್ಪೂ ಉಂಟು. ಮನೆಗೆ ಕಳಿಸುವಷ್ಟು ವೈಕಲ್ಯ ಎಂದ ಮೇಲೆ ಅದು ಶೇಕಡಾ 20ಕ್ಕಿಂತ ಜಾಸ್ತಿಯೇ ಎನ್ನುತ್ತದೆ ಅದು.

ನನ್ನ ಮೊದಲ ಅಪೀಲು ಬಿತ್ತು. ಎರಡನೆಯದರಲ್ಲಿ ಗೆದ್ದೆ. ಒಟ್ಟು ಮೂರು ವರ್ಷ ಹಿಡಿಯಿತು.

ಅಲ್ಲಿಯೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಲ್ಲಿ ಆದದ್ದು. ಕರ್ನಾಟಕ ಬರುವುದು ಕೊಚ್ಚಿ ಪೀಠಕ್ಕೆ. ನಮಗೆ ಒಂದು ರೀತಿಯಲ್ಲಿ ಒಳ್ಳೆಯದೇ, ಮಂಗಳೂರಿನಿಂದ ಎರ್ನಾಕುಲಂಗೆ ನೇರ ರೈಲುಂಟು. ಕೊನೆಯ ಆದೇಶದಿಂದ ಆರು ತಿಂಗಳೊಳಗೆ ಹೋಗಬೇಕು. ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು ಹೋದವರಿಗೂ ಹಕ್ಕು ಸಿಕ್ಕಿದ್ದುಂಟು, ಆದರೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಅಪೀಲು ನೀವೇ ಬರೆಯಿರಿ, ಟ್ರಿಬ್ಯೂನಲ್‌ಗೆ ಮಾತ್ರ ವಕೀಲರನ್ನು ಹಿಡಿಯಿರಿ, ಇದು ನನ್ನ ಅಭಿಪ್ರಾಯ. ಬಂದ ಬಾಕಿಯಲ್ಲಿ ಇಷ್ಟು ಪಾಲು ಕೊಡು ಎನ್ನುವ ಏಜೆಂಟರನ್ನು ಗೇಟಿನ ಹೊರಗೇ ನಿಲ್ಲಿಸಿ. ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಯಾವ ಪತ್ರ ಎಲ್ಲಿಗೆ ಎಂದು ಹೇಳುತ್ತಾರೆ, ಅದಕ್ಕೆ ದುಡ್ಡಿಲ್ಲ.

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೋ ಉಡುಪಿಯ ಅಜ್ಜರಕಾಡು ಆಸ್ಪತ್ರೆಯಲ್ಲೋ ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿ ಶೇಕಡಾ 40 ಎಂದು ತೋರಿಸುವವರಿದ್ದಾರೆ. ಅದು ಬಸ್ ಪಾಸಿಗೆ, ಬೇರೆ ಸವಲತ್ತಿಗೆ ಒಳ್ಳೆಯದು, ಮಾಡಿಸಿಕೊಳ್ಳಿ. ಸೇನೆಯ ಪೆನ್ಶನ್‌ಗೆ ಸೇನೆಯ ಬೋರ್ಡಿನ ಶೇಕಡಾವಾರೇ ಲೆಕ್ಕ.

ಮಂಜೂರಾದ ಮೇಲೂ ಮೈಮರೆಯಬೇಡಿ. ಸೇನೆಯ ಪೆನ್ಶನ್ ವೆಬ್‌ಸೈಟ್ ಸ್ಪರ್ಶ್‌ಗೆ ಲಾಗಿನ್ ಆಗಿ ಹೊಸ ಪಿಪಿಒ ಇಳಿಸಿಕೊಂಡು ಮೂರು ವಿಷಯ ನೋಡಿ: ಶೇಕಡಾ ಎಷ್ಟು ಬರೆದಿದೆ, ಯಾವ ತಾರೀಕಿನಿಂದ, ಜೀವನಪರ್ಯಂತವಾ ಅಲ್ಲವಾ. ಪೆನ್ಶನ್ ಸ್ಲಿಪ್ಪಿನಲ್ಲಿ ಡಿಸೆಬಿಲಿಟಿ ಎಲಿಮೆಂಟ್ ಬೇರೆ ಸಾಲಾಗಿ ಬರುತ್ತಿದೆಯಾ ನೋಡಿ. ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂಬ ಜೀವನ್ ಪ್ರಮಾಣ್ ಕೊಡಲೇಬೇಕು, ಇಲ್ಲದಿದ್ದರೆ ಇಡೀ ಪೆನ್ಶನ್ನೇ ನಿಲ್ಲುತ್ತದೆ. ಓಟಿಪಿ ಕೇಳಿ ಫೋನ್ ಬಂದರೆ ಇಟ್ಟುಬಿಡಿ.

ಕಳೆದ ಭಾನುವಾರ ಮುಲ್ಕಿ ಕಡೆಯ ಒಬ್ಬ ಹುಡುಗ ಬಂದಿದ್ದ. ಮೊಣಕಾಲು, ಶೇಕಡಾ 30, ನಾನಾ. ತಿರಸ್ಕಾರದ ಪತ್ರ ತಂದಿದ್ದ, ಲಕೋಟೆ ಎಲ್ಲಿ ಎಂದರೆ ಒಲೆಗೆ ಹಾಕಿದೆ ಎಂದ. ಪತ್ರ ಕೈಗೆ ಸಿಕ್ಕಿದ್ದು ಯಾವತ್ತು ಎಂಬುದಕ್ಕೆ ಪೋಸ್ಟಿನ ಮೊಹರೇ ಸಾಕ್ಷಿ. ಪತ್ರದ ತಾರೀಕಿನಿಂದ ಎಣಿಸಿದರೆ ಐದು ತಿಂಗಳು ಹತ್ತೊಂಬತ್ತು ದಿನ ಆಗಿತ್ತು. ಚಹಾ ಆಮೇಲೆ ಕುಡಿಯುವಾ ಎಂದು ಅವನನ್ನು ಮೇಜಿನ ಹತ್ತಿರ ಕೂರಿಸಿ ಬಿಳಿ ಹಾಳೆ ಕೊಟ್ಟೆ. “ಎಲ್ಲಿ ಬಿದ್ದೆ, ಯಾವಾಗ ಬಿದ್ದೆ, ಯಾರಿದ್ದರು? ಮೊದಲು ಅದನ್ನು ಬರಿ.”