ಕ್ಯಾಂಪರ್ ವ್ಯಾನಿಗೆ ಎರಡನೇ ಬ್ಯಾಟರಿ: ತಂತಿ, ಫ್ಯೂಸ್, ಲಗ್ ಸಮೇತ

ಟೆಂಪೊ ಟ್ರಾವೆಲರನ್ನೋ ಅಂಥದ್ದೇ ಇನ್ನೊಂದು ವ್ಯಾನನ್ನೋ ಮಲಗಲು, ಅಡುಗೆ ಮಾಡಲು ಬರುವಂತೆ ಮಾಡಿಕೊಂಡವರು ಮೊದಲು ಎಡವುವುದು ಕರೆಂಟಿನ ವಿಷಯದಲ್ಲಿ. ರಾತ್ರಿಯಿಡೀ ಫ್ಯಾನು, ಫ್ರಿಜ್ಜು ಓಡಿಸಿ ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಟಕ್ ಸದ್ದು ಬರುತ್ತದೆ, ಅಷ್ಟೇ. ಗಾಡಿಯ ಬ್ಯಾಟರಿ ಇರುವುದು ಎಂಜಿನ್ ಎಬ್ಬಿಸಲಿಕ್ಕೆ. ಕೆಲವೇ ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು, ಕೂಡಲೇ ಮತ್ತೆ ಚಾರ್ಜ್ ಆಗುವಂತೆ ಅದನ್ನು ಮಾಡಿರುತ್ತಾರೆ. ದಿನವೂ ಪೂರ್ತಿ ಬರಿದು ಮಾಡಿದರೆ ಅದು ಬೇಗ ಸಾಯುತ್ತದೆ. ಮನೆ ಸಾಮಾನಿಗೆ ಬೇರೆ ಬ್ಯಾಟರಿಯೇ ಬೇಕು.

ಇಲ್ಲಿ ಹೇಳುವ ವ್ಯವಸ್ಥೆಯಲ್ಲಿ ನಾಲ್ಕು ದೊಡ್ಡ ಸಾಮಾನಿವೆ: 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 30 ಆಂಪ್ಸ್ ಡಿಸಿ-ಡಿಸಿ ಚಾರ್ಜರ್, 200 ವ್ಯಾಟ್ ಸೋಲಾರ್, 1000 ವ್ಯಾಟ್ ಪ್ಯೂರ್ ಸೈನ್ ಇನ್ವರ್ಟರ್. ಇವುಗಳನ್ನು ಆರಿಸಲು ಜನ ವಾರಗಟ್ಟಲೆ ವಿಡಿಯೊ ನೋಡುತ್ತಾರೆ. ನಡುವೆ ಜೋಡಿಸುವ ತಂತಿ ಮಾತ್ರ ಆ ಹೊತ್ತಿಗೆ ಪಕ್ಕದ ಅಂಗಡಿಯಲ್ಲಿ ಸಿಕ್ಕಿದ್ದು. ತೊಂದರೆ ಹುಟ್ಟುವುದು ಬಹುಮಟ್ಟಿಗೆ ಆ ತಂತಿಯಲ್ಲೇ, ಹಾಗಾಗಿ ಇಲ್ಲಿ ಹೆಚ್ಚು ಮಾತು ಅದರದ್ದು.

ಮೊದಲು ಲೆಕ್ಕ

ಬೇಸಿಗೆಯ ಒಂದು ದಿನವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಕಂಪ್ರೆಸರ್ ಇರುವ 45 ಲೀಟರಿನ 12 ವೋಲ್ಟ್ ಫ್ರಿಜ್ ಓಡುವಾಗ ಸುಮಾರು 50 ವ್ಯಾಟ್ ಎಳೆಯುತ್ತದೆ. ಏಪ್ರಿಲಿನಲ್ಲಿ ರಾಯಚೂರಿನ ಕಡೆ ಹೋದರೆ ದಿನದ ಅರ್ಧ ಹೊತ್ತು ಅದು ಓಡುತ್ತಲೇ ಇರುತ್ತದೆ: 600 ವ್ಯಾಟ್-ಅವರ್. 25 ವ್ಯಾಟಿನ ಬಿಎಲ್‌ಡಿಸಿ ಫ್ಯಾನು 8 ಗಂಟೆಗೆ 200. ಐದು ವ್ಯಾಟಿನ ನಾಲ್ಕು ಎಲ್‌ಇಡಿ ದೀಪ 4 ಗಂಟೆಗೆ 80. ನೀರಿನ ಪಂಪು 15. ಲ್ಯಾಪ್‌ಟಾಪು, ಮೊಬೈಲು 150. ಒಟ್ಟು 1045. 12.8 ವೋಲ್ಟಿನಿಂದ ಭಾಗಿಸಿದರೆ 82 ಎಎಚ್. 100 ಎಎಚ್ ಬ್ಯಾಟರಿಯಲ್ಲಿ ಇರುವುದು 1280 ವ್ಯಾಟ್-ಅವರ್. ಅಂದರೆ ಒಂದು ದಿನಕ್ಕೆ ಸಾಕು, ಎರಡು ದಿನಕ್ಕೆ ಸಾಲದು. ಅದೇ ಡಿಸೆಂಬರಿನ ಮಡಿಕೇರಿಯಲ್ಲಾದರೆ ಫ್ಯಾನು ಬೇಡ, ಫ್ರಿಜ್ಜೂ ಕಡಿಮೆ ಓಡುತ್ತದೆ.

ಈ ಪಟ್ಟಿಯಲ್ಲಿ ಎಲ್ಲರೂ ಮರೆಯುವುದು ಇನ್ವರ್ಟರಿನ ಖಾಲಿ ಖರ್ಚು. ಏನೂ ಸಿಕ್ಕಿಸದಿದ್ದರೂ ಆನ್ ಇದ್ದರೆ ಅದು 10 ವ್ಯಾಟಿನಷ್ಟು ತಿನ್ನುತ್ತದೆ. ದಿನವಿಡೀ ಬಿಟ್ಟರೆ 240 ವ್ಯಾಟ್-ಅವರ್ ಸುಮ್ಮನೆ ಹೋಯಿತು. ಸ್ವಿಚ್ಚು ಕೈಗೆ ಸಿಗುವ ಕಡೆ ಇರಲಿ. ಚಟ್ನಿಗೆ 500 ವ್ಯಾಟಿನ ಮಿಕ್ಸಿ ಐದು ನಿಮಿಷ ತಿರುಗಿಸುವುದು ಲೆಕ್ಕಕ್ಕೇ ಬರದಷ್ಟು ಸಣ್ಣ ಖರ್ಚು. ಇಂಡಕ್ಷನ್ ಒಲೆಯ ಆಸೆ ಮಾತ್ರ ಬಿಡಿ: 1800 ವ್ಯಾಟಿಗೆ ಬ್ಯಾಟರಿಯಿಂದ 150 ಆಂಪ್ಸ್ ದಾಟುತ್ತದೆ, ಈ ಅಳತೆಯ ಬ್ಯಾಟರಿಯ ಬಿಎಂಎಸ್ (ಒಳಗಿರುವ ಕಾವಲು ಸರ್ಕ್ಯೂಟ್) ಸಾಮಾನ್ಯವಾಗಿ 100ಕ್ಕೇ ಕೈ ಎತ್ತುತ್ತದೆ.

ಮನೆಯ ಯುಪಿಎಸ್‌ನ 150 ಎಎಚ್ ಟ್ಯೂಬುಲರ್ ಬ್ಯಾಟರಿಯನ್ನೇ ವ್ಯಾನಿಗೆ ಸಾಗಿಸಬಹುದಲ್ಲ ಎನ್ನುವವರಿದ್ದಾರೆ. ಅದರಲ್ಲಿ ಆಯಸ್ಸು ಕೆಡಿಸದೆ ಬಳಸಬಹುದಾದದ್ದು ಅರ್ಧ, ಅಂದರೆ 75 ಎಎಚ್. ತೂಕ 50 ಕಿಲೋ ಮೇಲೆ. ಘಾಟಿ ತಿರುವಿನಲ್ಲಿ ಆಸಿಡ್ ತುಳುಕುತ್ತದೆ, ಚಾರ್ಜ್ ಆಗುವಾಗ ನೀವು ಮಲಗುವ ಜಾಗದಲ್ಲೇ ಹೈಡ್ರೋಜನ್ ಬಿಡುತ್ತದೆ. ಲಿಥಿಯಂ ಬ್ಯಾಟರಿ 12 ಕಿಲೋ ಆಸುಪಾಸು. ದುಡ್ಡು ಜಾಸ್ತಿಯಾದರೂ ಇಲ್ಲಿ ಉಳಿತಾಯ ಮಾಡಬೇಡಿ.

ಆಲ್ಟರ್ನೇಟರಿನಿಂದ ನೇರ ಎಳೆಯಬೇಡಿ

ಹಳೆಯ ಪದ್ಧತಿಯಲ್ಲಿ ಎರಡು ಬ್ಯಾಟರಿಗಳ ನಡುವೆ ಒಂದು ರಿಲೇ ಹಾಕಿ ಮುಗಿಸುತ್ತಿದ್ದರು. ಲಿಥಿಯಂಗೆ ಅದು ಎರಡು ಕಾರಣಕ್ಕೆ ಒಗ್ಗುವುದಿಲ್ಲ. ಒಳ ರೆಸಿಸ್ಟೆನ್ಸ್ ತೀರಾ ಕಡಿಮೆಯಾದ್ದರಿಂದ ಖಾಲಿ ಬ್ಯಾಟರಿ ಆಲ್ಟರ್ನೇಟರ್ (ಎಂಜಿನ್ನಿನಿಂದ ತಿರುಗುವ ಜನರೇಟರ್) ಕೊಟ್ಟಷ್ಟನ್ನೂ ನುಂಗುತ್ತದೆ. ಟ್ರಾಫಿಕ್ಕಿನಲ್ಲಿ ಎಂಜಿನ್ ಐಡಲ್ ಇರುವಾಗ ಆಲ್ಟರ್ನೇಟರಿನ ಫ್ಯಾನು ನಿಧಾನ, ಹೊರೆ ಪೂರ್ತಿ. ವೈಂಡಿಂಗು, ಡಯೋಡು ಸುಡುವುದು ಹಾಗೆ. ಇನ್ನು ಹಲವು ಬಿಎಸ್-6 ಗಾಡಿಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಆಡಿಸುತ್ತದೆ. ಇಂಧನ ಉಳಿಸಲು ಅದನ್ನು 12.5ರ ಹತ್ತಿರಕ್ಕೂ ಇಳಿಸುತ್ತದೆ. ಲಿಥಿಯಂ ತುಂಬಬೇಕಾದರೆ 14.2ರಿಂದ 14.6 ವೋಲ್ಟ್ ಬೇಕು.

ಡಿಸಿ-ಡಿಸಿ ಚಾರ್ಜರ್ ಎರಡಕ್ಕೂ ಪರಿಹಾರ. ಒಳಗೆ ಎಷ್ಟೇ ವೋಲ್ಟ್ ಬಂದರೂ ಹೊರಗೆ ಸರಿಯಾದ ವೋಲ್ಟ್ ಕೊಡುತ್ತದೆ, 30 ಆಂಪ್ಸ್ ದಾಟಲು ಬಿಡುವುದಿಲ್ಲ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗುವಷ್ಟರಲ್ಲಿ ಖಾಲಿ ಬ್ಯಾಟರಿ ಆರಾಮವಾಗಿ ತುಂಬಿರುತ್ತದೆ. ಎಂಜಿನ್ ಓಡುತ್ತಿದೆಯೇ ಎಂಬುದನ್ನು ವೋಲ್ಟೇಜಿನಿಂದ ಗುರುತಿಸುವ ಸೆಟ್ಟಿಂಗನ್ನು ಬಿಎಸ್-6 ಗಾಡಿಯಲ್ಲಿ ನಂಬಬೇಡಿ. ಫ್ಯೂಸ್ ಬಾಕ್ಸಿನಲ್ಲಿ ಇಗ್ನಿಷನ್ ಆನ್ ಆದಾಗ ಮಾತ್ರ ಜೀವ ಬರುವ ಒಂದು ಜಾಗದಿಂದ, ಫ್ಯೂಸ್ ಟ್ಯಾಪ್ ಹಾಕಿ, ಚಾರ್ಜರಿನ ರಿಮೋಟ್ ಪಿನ್ನಿಗೆ ತೆಳು ತಂತಿ ಎಳೆಯಿರಿ. ಕಂಪನಿಯ ಹಾರ್ನೆಸ್ಸನ್ನು (ತಂತಿಗಳ ಕಟ್ಟನ್ನು) ಕತ್ತರಿಸಬೇಡಿ.

ತಂತಿಯ ದಪ್ಪ

12 ವೋಲ್ಟಿನಲ್ಲಿ ಅರ್ಧ ವೋಲ್ಟ್ ಕಳೆದುಹೋದರೂ ದೊಡ್ಡ ನಷ್ಟ. ಲೆಕ್ಕ ಸುಲಭ: ಒಂದು ಕಡೆಯ ಉದ್ದವನ್ನು ಎರಡರಿಂದ ಗುಣಿಸಿ, ಆಂಪ್ಸಿನಿಂದ ಗುಣಿಸಿ, 0.0175ರಿಂದ ಗುಣಿಸಿ, ತಂತಿಯ ಸ್ಕ್ವೇರ್ ಎಂಎಂನಿಂದ ಭಾಗಿಸಿ. ಬಂದದ್ದು ವೋಲ್ಟ್ ನಷ್ಟ. ಮುಂದಿನ ಬ್ಯಾಟರಿಯಿಂದ ಹಿಂದಿನ ಸೀಟಿನ ಕೆಳಗಿನ ಚಾರ್ಜರಿಗೆ 5 ಮೀಟರ್, ಎಳೆತ 40 ಆಂಪ್ಸ್ ಅಂದುಕೊಳ್ಳಿ. 6 ಸ್ಕ್ವೇರ್ ಎಂಎಂ ತಂತಿ ಹಾಕಿದರೆ 1.17 ವೋಲ್ಟ್ ಹೋಗುತ್ತದೆ. 16 ಸ್ಕ್ವೇರ್ ಎಂಎಂಗೆ 0.44. ಹಾಗಾಗಿ ಇಲ್ಲಿ 16ಕ್ಕಿಂತ ಕಡಿಮೆ ಬೇಡ.

ಇನ್ವರ್ಟರಿಗೆ 35 ಸ್ಕ್ವೇರ್ ಎಂಎಂ, ಉದ್ದ ಒಂದೂವರೆ ಮೀಟರಿನೊಳಗೆ. ಒಳಗಿನ ಫ್ಯೂಸ್ ಬಾಕ್ಸಿಗೆ 10. ಫ್ರಿಜ್ಜಿಗೆ 4, ಪಂಪಿಗೆ 2.5, ದೀಪಗಳಿಗೆ 1.5.

ಬೆಂಗಳೂರಿನವರಿಗೆ ಎಸ್‌ಪಿ ರಸ್ತೆ, ಜೆಸಿ ರಸ್ತೆ ಎರಡು ಸುತ್ತಿದರೆ ಇವೆಲ್ಲ ಸಿಗುತ್ತವೆ. ದಪ್ಪ ತಂತಿಗೆ ತಾಮ್ರದ ವೆಲ್ಡಿಂಗ್ ಕೇಬಲ್ ಒಳ್ಳೆಯದು. ಕೂದಲಿನಂಥ ಎಳೆಗಳಿರುವುದರಿಂದ ಬಾಗುತ್ತದೆ, ಅದುರಿಗೆ ತುಂಡಾಗುವುದಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ತುದಿ ಸುಲಿದು ಒಂದೆಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಕೆಂಪು ಹೋಗಿ ಒಳಗೆ ಬೆಳ್ಳಗೆ ಹೊಳೆದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅಗ್ಗದ ಜಂಪರ್ ಕೇಬಲ್ಲುಗಳಲ್ಲಿ ಇದು ಮಾಮೂಲು. ಅಷ್ಟೇ ದಪ್ಪಕ್ಕೆ ನಷ್ಟ ಹೆಚ್ಚು, ಲಗ್ಗಿನಲ್ಲಿ (ತಂತಿಯ ತುದಿಗೆ ಒತ್ತಿ ಕೂರಿಸುವ, ಬೋಲ್ಟಿಗೆ ಸೇರುವ ಕೊಳವೆಯಲ್ಲಿ) ಕ್ರಮೇಣ ಸಡಿಲವಾಗಿ ಬಿಸಿಯಾಗುತ್ತದೆ.

ಲಗ್ ಒತ್ತುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ಇದು. ಲಗ್ಗಿನ ಕೊಳವೆ ಎಷ್ಟು ಉದ್ದವೋ ಅಷ್ಟೇ ಇನ್ಸುಲೇಷನ್ ಸುಲಿಯಿರಿ, ಒಂದೆಳೆಯೂ ಕತ್ತರಿಸಬಾರದು. ಎಳೆಗಳು ಕೊಳವೆಯ ತುದಿ ಮುಟ್ಟುವವರೆಗೆ ತುರುಕಿ, ಹೈಡ್ರಾಲಿಕ್ ಕ್ರಿಂಪರಿನಲ್ಲಿ ತಂತಿಯ ಅಳತೆಯದ್ದೇ ಡೈ ಹಾಕಿ ಒತ್ತಿ. ಕೊಳವೆ ಉದ್ದವಿದ್ದರೆ ಎರಡು ಕಡೆ ಒತ್ತಿ. ಸುತ್ತಿಗೆ, ಕಟಿಂಗ್ ಪ್ಲೇಯರ್ ಇಲ್ಲಿ ಕೆಲಸಕ್ಕೆ ಬಾರವು. ಮೊದಲನೆಯ ಲಗ್ಗನ್ನು ಬಲಿ ಕೊಡಿ: ಒತ್ತಿದ ಜಾಗದಲ್ಲಿ ಹ್ಯಾಕ್ಸಾದಿಂದ ಅಡ್ಡ ಕೊಯ್ದು ನೋಡಿ. ಎಳೆಗಳೆಲ್ಲ ಒಂದಾಗಿ ಗಟ್ಟಿ ತಾಮ್ರದಂತೆ ಕಂಡರೆ ಡೈ ಸರಿಯಿದೆ. ನಡುವೆ ಕಪ್ಪು ಸಂದು ಕಂಡರೆ ಒಂದಳತೆ ಚಿಕ್ಕ ಡೈ ಹಾಕಿ. ಬೆಸುಗೆ ಬೇಡ. ಸೀಸ ಎಳೆಗಳ ಮೇಲೆ ಹತ್ತಿ ತಂತಿಯನ್ನು ಸೆಟೆದುಕೊಳ್ಳುವಂತೆ ಮಾಡುತ್ತದೆ, ಸೆಟೆದದ್ದು ಮುಗಿಯುವ ಜಾಗದಲ್ಲೇ ಅದುರಿಗೆ ಮುರಿಯುತ್ತದೆ.

ಬೋಲ್ಟಿಗೆ ಹಾಕುವಾಗ ಕ್ರಮ ನೆನಪಿರಲಿ: ಟರ್ಮಿನಲ್ಲಿನ ಮೇಲೆ ನೇರವಾಗಿ ಲಗ್, ಅದರ ಮೇಲೆ ವಾಷರ್, ಸ್ಪ್ರಿಂಗ್ ವಾಷರ್, ಕೊನೆಗೆ ನಟ್. ಲಗ್ಗಿನ ಕೆಳಗೆ ಸ್ಟೀಲ್ ವಾಷರ್ ಸೇರಿದರೆ ಪೂರ್ತಿ ಕರೆಂಟು ಆ ವಾಷರಿನ ಮೂಲಕವೇ ಹರಿಯಬೇಕು, ಅದು ಕಾಯುತ್ತದೆ.

ಫ್ಯೂಸ್ ಇರುವುದು ತಂತಿ ಉಳಿಸಲು

ಸಾಮಾನನ್ನು ಉಳಿಸಲಿಕ್ಕಲ್ಲ. ಆದ್ದರಿಂದ ಬ್ಯಾಟರಿಯ ಪ್ಲಸ್ಸಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು, 20 ಸೆಂಟಿಮೀಟರಿನೊಳಗೆ ಇರಲಿ. ಎರಡು ಬ್ಯಾಟರಿಗಳನ್ನು ಸೇರಿಸುವ ತಂತಿಗೆ ಎರಡೂ ತುದಿಯಲ್ಲಿ 60 ಆಂಪ್ಸ್ ಫ್ಯೂಸ್ ಬೇಕು. ಎರಡೂ ಕಡೆಯಿಂದ ಕರೆಂಟು ಬರಬಲ್ಲದು ಎಂಬುದನ್ನು ಮರೆತು ಒಂದೇ ಹಾಕುವವರೇ ಹೆಚ್ಚು. ಹಿಂದಿನ ಬ್ಯಾಟರಿಯ ಮುಖ್ಯ ಫ್ಯೂಸ್ 125 ಆಂಪ್ಸ್, ಒಳಗಿನ ಫ್ಯೂಸ್ ಬಾಕ್ಸಿನ ತಂತಿಗೆ 50, ಸೋಲಾರ್ ಕಂಟ್ರೋಲರಿಗೆ (ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಕೊಡುವ ಪೆಟ್ಟಿಗೆ) 30, ಫ್ರಿಜ್ಜಿಗೆ 15, ಪಂಪಿಗೂ ದೀಪಕ್ಕೂ 10.

ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಕ್ಷಣಮಾತ್ರದಲ್ಲಿ ಸಾವಿರಾರು ಆಂಪ್ಸ್ ಹರಿಯಬಹುದು. ಅಗ್ಗದ ಫ್ಯೂಸಿನಲ್ಲಿ ಒಳಗಿನ ಪಟ್ಟಿ ಕರಗಿದರೂ ಆರ್ಕ್ (ಸಂದು ದಾಟಿ ಹಾರುವ ಕಿಡಿ) ನಿಲ್ಲದು. ಮುಖ್ಯ ಫ್ಯೂಸಿಗೆ ಅದನ್ನು ನಿಲ್ಲಿಸಬಲ್ಲ ಕ್ಲಾಸ್-ಟಿ ಅಥವಾ ಎಂಆರ್‌ಬಿಎಫ್ ಬಗೆಯದ್ದು ಹಾಕಿ. ಮನೆಯ ಬೋರ್ಡಿನ ಎಸಿ ಎಂಸಿಬಿ ಇಲ್ಲಿ ಬೇಡವೇ ಬೇಡ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ತಾನೇ ಆರುತ್ತದೆ, ಡಿಸಿಯಲ್ಲಿ ಆ ಬಿಡುವು ಇಲ್ಲ.

ಕೂರಿಸುವ ಕೆಲಸ

ಬ್ಯಾಟರಿಗೆ ಜಾಗ ಸೀಟಿನ ಕೆಳಗೆ, ಆಕ್ಸಲ್ಲಿಗೆ ಹತ್ತಿರ. ಎಂಜಿನ್ ಬದಿಯ ಬಿಸಿಯಲ್ಲಿ ಬೇಡ, ಸೆಲ್ಲುಗಳು ಕಾದರೆ ಬಿಎಂಎಸ್ ಚಾರ್ಜ್ ನಿಲ್ಲಿಸುತ್ತದೆ. ಲಡಾಖ್, ಸ್ಪಿತಿ ಕಡೆ ಹೋಗುವವರಿಗೆ ಉಲ್ಟಾ ಸಮಸ್ಯೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡುವಂತಿಲ್ಲ, ಕಡಿಮೆ ಉಷ್ಣತೆಯ ಕಟ್-ಆಫ್ ಇರುವ ಬಿಎಂಎಸ್ ಕೇಳಿ ತೆಗೆದುಕೊಳ್ಳಿ. ನೆಲಕ್ಕೆ ತೂತು ಕೊರೆಯುವ ಮುಂಚೆ ಗಾಡಿಯ ಕೆಳಗೆ ಮಲಗಿ ನೋಡಿ. ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು ಅಲ್ಲೇ ಇರುತ್ತವೆ. ಬ್ಯಾಟರಿ ಬಿಗಿಯಲು 8 ಎಂಎಂ ಬೋಲ್ಟು, ಕೆಳಗಿನಿಂದ ಅಗಲ ಪ್ಲೇಟು, ಮೇಲೆ ಪಟ್ಟಿ. ಕೊರೆದ ಅಂಚಿಗೆ ರೆಡ್ ಆಕ್ಸೈಡ್ ಬಳಿಯಿರಿ. ತಂತಿ ತಗಡು ದಾಟುವ ಪ್ರತಿ ಕಡೆ ರಬ್ಬರ್ ಗ್ರಾಮೆಟ್, ಪೂರ್ತಿ ಉದ್ದಕ್ಕೂ ಸುರುಳಿ ಪೈಪು, 30 ಸೆಂಟಿಮೀಟರಿಗೊಂದು ಕ್ಲಾಂಪು, ಸೈಲೆನ್ಸರಿನಿಂದ ಒಂದು ಗೇಣಾದರೂ ದೂರ.

ಮೈನಸ್ಸಿಗೆ ಚಾಸಿ ಬಳಸುವುದಾದರೆ ಬಣ್ಣ ಕೆರೆದು ಬೋಲ್ಟ್ ಹಾಕಿ, ಮೇಲೆ ವ್ಯಾಸಲಿನ್ ಸವರಿ. ಸೀಟ್ ಬೆಲ್ಟಿನ ಬೋಲ್ಟನ್ನು ಮುಟ್ಟಬೇಡಿ. ಹೊಸ ಗಾಡಿಗಳಲ್ಲಿ ಮುಂದಿನ ಬ್ಯಾಟರಿಯ ಮೈನಸ್ ಮೇಲೆ ಪುಟ್ಟ ಸೆನ್ಸರ್ ಕೂತಿರುತ್ತದೆ. ಅದನ್ನು ದಾಟಿ ಚಾಸಿ ಬದಿಗೆ ನಿಮ್ಮ ತಂತಿ ಸೇರಬೇಕು. ನೇರ ಟರ್ಮಿನಲ್ಲಿಗೆ ಸೇರಿಸಿದರೆ ಇಸಿಯು ಲೆಕ್ಕ ತಪ್ಪುತ್ತದೆ.

ಮುಂದಿನ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಉಂಗುರ, ಕಡಗ, ವಾಚು ತೆಗೆದಿಡಿ, ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ. ಎಲ್ಲ ತಂತಿ ಎಳೆದು ಮುಗಿಯುವವರೆಗೆ ಫ್ಯೂಸ್ ಹಾಕಬೇಡಿ. ಇನ್ವರ್ಟರಿಗೆ ಮೊದಲ ಸಲ ಕರೆಂಟು ಕೊಡುವಾಗ ಅದರೊಳಗಿನ ಕೆಪಾಸಿಟರುಗಳು ಚಟ್ ಎಂದು ಕಿಡಿ ಹಾರಿಸುತ್ತವೆ, ಕೆಲವೊಮ್ಮೆ ಬಿಎಂಎಸ್ ಕೂಡ ಟ್ರಿಪ್ ಆಗುತ್ತದೆ. 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಫ್ಯೂಸಿನ ಜಾಗದಲ್ಲಿ ಅಡ್ಡ ಹಿಡಿದರೆ ಅದು ಹೊತ್ತಿ ಮಂಕಾಗುತ್ತದೆ. ಆರಿದ ಮೇಲೆ ಫ್ಯೂಸ್ ಕೂರಿಸಿ.

ಸೋಲಾರ್ ಬಗ್ಗೆ ಚಿಕ್ಕದಾಗಿ: ಚಾವಣಿಯಲ್ಲಿ ಚಪ್ಪಟೆ ಮಲಗಿದ 200 ವ್ಯಾಟ್ ಪ್ಯಾನೆಲ್ಲು ಬಿಸಿಲಿನ ದಿನ 700 ವ್ಯಾಟ್-ಅವರ್ ಕೊಟ್ಟರೆ ಖುಷಿಪಡಿ. ಜುಲೈಯ ಆಗುಂಬೆಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಪ್ಯಾನೆಲ್ಲಿನ ಕೆಳಗೆ ಗಾಳಿಯಾಡಲು ಎರಡು ಮೂರು ಸೆಂಟಿಮೀಟರ್ ಸಂದು ಬಿಡಿ. ತೂತು ಮುಚ್ಚಲು ಪಾಲಿಯುರೆಥೇನ್ ಸೀಲಂಟ್ ಹಾಕಿ. ಹುಳಿ ವಾಸನೆಯ ಬಾತ್‌ರೂಮ್ ಸಿಲಿಕಾನ್ ತಗಡನ್ನು ತುಕ್ಕು ಹಿಡಿಸುತ್ತದೆ. ಎಂಪಿಪಿಟಿ (ಪ್ಯಾನೆಲ್ಲಿನಿಂದ ಆದಷ್ಟು ಹೆಚ್ಚು ಎಳೆಯುವ ಬಗೆಯ) ಕಂಟ್ರೋಲರಿಗೆ ಮೊದಲು ಬ್ಯಾಟರಿ ಸೇರಿಸಿ, ಆಮೇಲೆ ಪ್ಯಾನೆಲ್ಲು. ಬಿಚ್ಚುವಾಗ ಮೊದಲು ಪ್ಯಾನೆಲ್ಲು.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. ಸೀಟು ತೆಗೆದು ಮಂಚ ಹಾಕಿದ ಗಾಡಿಯಾದರೆ ಆರ್‌ಟಿಒ ಕಡತ ಸರಿ ಮಾಡಿಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿಯೇ ವೈರಿಂಗಿಗೆ ಕೈ ಹಾಕಿ.

ಪರೀಕ್ಷೆ, ದೋಷ

ಎಂಜಿನ್ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಡಿ. ಚಾರ್ಜರಿನಿಂದ ಹಿಂದಿನ ಬ್ಯಾಟರಿಗೆ ಹೋಗುವ ತಂತಿಗೆ ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಹಿಡಿದರೆ 30 ಆಂಪ್ಸ್ ಆಸುಪಾಸು ಕಾಣಬೇಕು. ಅಗ್ಗದ ಕ್ಲಾಂಪುಗಳು ಎಸಿ ಮಾತ್ರ ಅಳೆಯುತ್ತವೆ, ಕೊಳ್ಳುವಾಗ ನೋಡಿ. ಆಮೇಲೆ ಮಲ್ಟಿಮೀಟರನ್ನು ಮಿಲಿವೋಲ್ಟಿಗಿಟ್ಟು, ಒಂದು ಕಡ್ಡಿ ಲಗ್ಗಿನ ಕೊಳವೆಗೆ, ಇನ್ನೊಂದು ಬೋಲ್ಟಿನ ಬುಡಕ್ಕೆ ಹಿಡಿಯಿರಿ. 10 ಮಿಲಿವೋಲ್ಟ್ ದಾಟಿದ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡಿ.

ಬ್ಯಾಟರಿ ಎಷ್ಟು ಉಳಿದಿದೆ ಎಂದು ವೋಲ್ಟ್ ಮೀಟರ್ ಹೇಳದು. ಲಿಥಿಯಂನಲ್ಲಿ ಶೇ. 70ರಿಂದ 30ಕ್ಕೆ ಇಳಿದರೂ ವ್ಯತ್ಯಾಸ 0.2 ವೋಲ್ಟ್ ಅಷ್ಟೇ. ಶಂಟ್ (ಹರಿಯುವ ಕರೆಂಟನ್ನು ಅಳೆಯುವ ತುಣುಕು) ಇರುವ ಮಾನಿಟರ್ ಹಾಕಿ, ಬ್ಯಾಟರಿಯ ಮೈನಸ್ಸಿಗೆ ಶಂಟ್ ಬಿಟ್ಟು ಬೇರೆ ಯಾವ ತಂತಿಯೂ ನೇರ ಸೇರದಿರಲಿ.

ಬ್ಯಾಟರಿಯಲ್ಲಿ ದಿಢೀರನೆ ಸೊನ್ನೆ ವೋಲ್ಟ್ ತೋರಿಸಿದರೆ ಸತ್ತಿತೆಂದು ಹೆದರಬೇಡಿ, ಬಿಎಂಎಸ್ ಬಾಗಿಲು ಹಾಕಿಕೊಂಡಿದೆ. ಇನ್ವರ್ಟರ್, ಫ್ರಿಜ್ಜು ಎಲ್ಲ ಆಫ್ ಮಾಡಿ ಚಾರ್ಜ್ ಕೊಡಿ. ಬ್ಯಾಟರಿಯ ವೋಲ್ಟೇಜ್ ಕಾಣದೆ ಶುರುವಾಗದ ಚಾರ್ಜರುಗಳಿವೆ, ಆಗ 230 ವೋಲ್ಟಿನ ಲಿಥಿಯಂ ಚಾರ್ಜರಿನಿಂದ ಎಬ್ಬಿಸಬೇಕಾಗುತ್ತದೆ.

ಮಾನಿಟರ್ ಶೇ. 60 ತೋರಿಸುತ್ತಿದ್ದರೂ ರಾತ್ರಿ ಫ್ರಿಜ್ಜು ಮಾತ್ರ ಮತ್ತೆ ಮತ್ತೆ ನಿಂತರೆ ಬ್ಯಾಟರಿಯನ್ನು ದೂರಬೇಡಿ. ಕಂಪ್ರೆಸರ್ ಏಳುವ ಕ್ಷಣದಲ್ಲಿ ಕರೆಂಟು ಏರುತ್ತದೆ, ತೆಳು ತಂತಿಯಲ್ಲಿ ವೋಲ್ಟ್ ಕುಸಿದು ಫ್ರಿಜ್ಜಿನ ಕಟ್-ಆಫ್ ಕೆಲಸ ಮಾಡುತ್ತದೆ. ಕಂಪ್ರೆಸರ್ ಶುರುವಾಗುವಾಗ ಫ್ರಿಜ್ಜಿನ ಪ್ಲಗ್ಗಿನ ಹತ್ತಿರವೇ ವೋಲ್ಟ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟ್ ಕಡಿಮೆಯಿದ್ದರೆ ಆ ತೆಳು ತಂತಿ ಕಿತ್ತು ಮೊದಲೇ ಹೇಳಿದ 4 ಸ್ಕ್ವೇರ್ ಎಂಎಂ ಎಳೆಯಿರಿ, ಸಿಗರೇಟ್ ಲೈಟರ್ ಪ್ಲಗ್ಗಿದ್ದರೆ ಅದನ್ನೂ ತೆಗೆದು ತಿರುಪಿನ ಕನೆಕ್ಟರ್ ಹಾಕಿ.