ಆಲ್ಬುಮಿನ್ ಬಿಟ್ಟು ಟೇಪು ಹಿಡಿದೆ: ಐಸಿಯುನಲ್ಲಿ ನನ್ನ ಅನುಭವ

ಐಸಿಯುಗೆ ಬಂದ ರೋಗಿಯ ಪೋಷಣೆ ಹೇಗಿದೆ ಅಂತ ರಕ್ತದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೋಟೀನ್ ನೋಡಿ ಹೇಳುವುದನ್ನು ನಾನು ಬಿಟ್ಟು ಹೆಚ್ಚುಕಡಿಮೆ ಎರಡು ವರ್ಷ ಆಯ್ತು. ಅದರ ಬದಲು ತೋಳು, ಮೀನಖಂಡವನ್ನು ಟೇಪಿನಲ್ಲಿ ಅಳೆದು ಒಂದು ಶೀಟಿನಲ್ಲಿ ಬರೆದಿಡುತ್ತೇನೆ. ಈಗ ರೌಂಡ್ಸ್‌ನಲ್ಲಿ ಡಾಕ್ಟರುಗಳೇ "ನಿಮ್ಮ ಶೀಟ್ ಎಲ್ಲಿ ಮೇಡಂ?" ಅಂತ ಕೇಳುತ್ತಾರೆ. ಮೊದಲು ಹಾಗಿರಲಿಲ್ಲ. "ಲ್ಯಾಬ್ ರಿಪೋರ್ಟ್ ಇರುವಾಗ ಟೇಪು ಯಾಕೆ?" ಅಂದವರೇ ಜಾಸ್ತಿ.

ನಮ್ಮದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆ, ಐಸಿಯುನಲ್ಲಿ ಹತ್ತು ಹನ್ನೆರಡು ಹಾಸಿಗೆ. ಆಲ್ಬುಮಿನ್ ಕಡಿಮೆ ಇದ್ದವರು ಜಾಸ್ತಿ ಸಾಯುತ್ತಾರೆ ಅನ್ನುವುದು ನಿಜ. ಆದರೆ ಅದು ಹೇಳುವುದು ಕಾಯಿಲೆಯ ಜೋರನ್ನು, ಊಟದ ಕಥೆಯನ್ನಲ್ಲ. ಪೈಲ್ವಾನನಂಥ ಹುಡುಗನಿಗೆ ಪೆರಿಟೊನೈಟಿಸ್ (ಹೊಟ್ಟೆಯೊಳಗಿನ ಪೊರೆಯ ಉರಿಯೂತ) ಆಗಿ, ಮೇಲಿಂದ ಸಲೈನ್ ಹೋದರೆ ಎರಡು ದಿನಕ್ಕೆ ಆಲ್ಬುಮಿನ್ 2.2ಕ್ಕೆ ಬೀಳುತ್ತದೆ. ತಿಂಗಳುಗಟ್ಟಲೆ ಸರಿಯಾಗಿ ಉಣ್ಣದ ಅಜ್ಜಿಗೆ ಸರಿಯಾಗೇ 3.6 ಇರುತ್ತದೆ. ಅದೇ ಥರದ ಇನ್ನೊಂದು ರಕ್ತದ ಪ್ರೋಟೀನ್, ಪ್ರಿಆಲ್ಬುಮಿನ್ ಕೂಡ ಮಾಡಿಸಿ ನೋಡಿದೆ. ಹೊರಗಿನ ಲ್ಯಾಬಿಗೆ ಕಳಿಸಬೇಕು, ಸಾವಿರದ ಹತ್ತಿರ ಖರ್ಚು, ರಿಪೋರ್ಟ್ ಬರುವುದು ಮೂರನೇ ದಿನ. ಮನೆಯವರು ಬಿಲ್ ಹಿಡಿದು ಜಗಳಕ್ಕೆ ಬಂದರು, ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ. ತೂಕ ತೋರಿಸುವ ಹಾಸಿಗೆಗೆ ಲಕ್ಷದ ಮೇಲೆ ಕೊಟೇಶನ್ ಬಂತು, ಮ್ಯಾನೇಜ್‌ಮೆಂಟ್ ಆಗಲ್ಲ ಅಂತು. ಮೈಯಲ್ಲಿ ಸಣ್ಣ ಕರೆಂಟ್ ಹಾಯಿಸಿ ಮಾಂಸ, ಕೊಬ್ಬು, ನೀರು ಲೆಕ್ಕ ಹಾಕುವ ಬಯೋ-ಇಂಪಿಡೆನ್ಸ್ ಮಷೀನು ಡೆಮೋಗೆ ಬಂದಿತ್ತು. ಮೈಯೆಲ್ಲ ನೀರು ತುಂಬಿದವರಿಗೆ ಅದು ಕೊಡುವ ಲೆಕ್ಕ ನಂಬುವ ಹಾಗಿರಲಿಲ್ಲ, ವಾಪಸ್ ಕಳಿಸಿದೆವು.

ಐಸಿಯು ರೋಗಿಗಳ ಪೋಷಣೆಯ ಅಪಾಯ ಅಳೆಯುವ ಎಂ-ನ್ಯೂಟ್ರಿಕ್ ಸ್ಕೋರ್ ಮಾತ್ರ ಉಳಿಸಿಕೊಂಡೆ. ಕಾಯಿಲೆ ಎಷ್ಟು ಜೋರು ಅಂತ ಹೇಳುವ ಅಪಾಚೆ-2, ಸೋಫಾ ಸ್ಕೋರುಗಳನ್ನು ಡಾಕ್ಟರುಗಳು ಹೇಗೂ ಬರೆಯುತ್ತಾರೆ, ವಯಸ್ಸು, ಹಳೆ ಕಾಯಿಲೆಗಳು, ಐಸಿಯುಗೆ ಮುಂಚೆ ಆಸ್ಪತ್ರೆಯಲ್ಲಿ ಕಳೆದ ದಿನ ಸೇರಿಸಿದರೆ ಮುಗಿಯಿತು. 9ಕ್ಕೆ 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಜಾಸ್ತಿ. ಆದರೆ ಗಮನಿಸಿದ್ದೀರಾ, ಅದರಲ್ಲಿ ಊಟದ ಬಗ್ಗೆಯಾಗಲಿ ತೂಕದ ಬಗ್ಗೆಯಾಗಲಿ ಒಂದೇ ಒಂದು ಪ್ರಶ್ನೆ ಇಲ್ಲ! ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇರುವ ನಲವತ್ತರ ರೋಗಿಗೆ 3 ಬರುತ್ತದೆ, ತೋಳು ನೋಡಿದರೆ 19 ಸೆಂ.ಮೀ. ಅಂಥವರೇ ವೆಂಟಿಲೇಟರ್ ಬಿಡಿಸುವಾಗ ಸತಾಯಿಸುವುದು.

ಹಾಗಾಗಿ ಸ್ಕೋರಿನ ಪಕ್ಕದಲ್ಲೇ ತೋಳಿನ ಸುತ್ತಳತೆ, ಮೀನಖಂಡದ ಸುತ್ತಳತೆ, ಕಣತಲೆ ಮತ್ತು ಭುಜದ ಮಾಂಸ ಮುಟ್ಟಿ ನೋಡಿದ್ದು, ತೂಕ ಇಳಿದ ವಿವರ. ಎಲ್ಲವೂ ಮೊದಲ ದಿನವೇ, ಯಾಕೆಂದರೆ ಮೂರನೇ ದಿನಕ್ಕೆ ಕಾಲು ಊದಿ ಮೀನಖಂಡದ ಅಳತೆ ಕೆಲಸಕ್ಕೆ ಬರಲ್ಲ. ಅಪೌಷ್ಟಿಕತೆ ಗುರುತಿಸುವ ಮಸ್ಟ್ ಅನ್ನುವ ಪಟ್ಟಿಯಲ್ಲಿ ತೋಳು 23.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಣಕಲು ಅಂತ ಇದೆ. ಅದನ್ನು ಇಟ್ಟುಕೊಂಡರೆ ನಮ್ಮ ಕಡೆ ಅರ್ಧ ವಾರ್ಡೇ ಸಿಕ್ಕಿಬೀಳುತ್ತದೆ. ನಾನು 21ಕ್ಕೆ ಇಳಿಸಿಕೊಂಡೆ.

ತೂಕ ಎಷ್ಟು ಇಳಿದಿದೆ ಅಂತ ಕೇಳಿದರೆ ಯಾರಿಗೂ ಗೊತ್ತಿರಲ್ಲ. ಉಡುದಾರ ಸಡಿಲ ಆಗಿದೆಯಾ, ಬಿಗಿ ಮಾಡಿಸಿದ್ರಾ ಅಂತ ಕೇಳಿ, ತಕ್ಷಣ ಹೇಳುತ್ತಾರೆ. ಹೆಂಗಸರಾದರೆ ಬಳೆ ಮೊಣಕೈವರೆಗೆ ಜಾರುತ್ತದಾ, ರವಿಕೆಗೆ ಒಳಹೊಲಿಗೆ ಹಾಕಿಸಿದ್ರಾ, ಯಾವ ಹಬ್ಬದಿಂದ ಈಚೆಗೆ. "ದೀಪಾವಳಿಗೆ ಸರಿ ಇತ್ರೀ, ಯುಗಾದಿಗೆ ಎರಡು ಹೊಲಿಗೆ ಹಾಕ್ಸಿದ್ವಿ" ಅಂದರೆ ಅದಕ್ಕಿಂತ ಒಳ್ಳೆ ದಾಖಲೆ ಬೇಕಾ? ಉತ್ತರವನ್ನು ಕಿಲೋ ಲೆಕ್ಕಕ್ಕೆ ತರಲು ನನ್ನದೇ ಒಂದು ಪಟ್ಟಿ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ.

ಇದನ್ನೆಲ್ಲ ಬರೆದಿಡುವ ನನ್ನ ಪುಸ್ತಕದಲ್ಲಿ ಈಗ ನೂರೈವತ್ತು ಹೆಸರಿನ ಆಸುಪಾಸು ಇವೆ. ಸ್ಕೋರೂ ಕೆಟ್ಟದು, ಅಳತೆಯೂ ಕೆಟ್ಟದು ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವಾರ ದಾಟಿದರೂ ಐಸಿಯುನಲ್ಲೇ ಇದ್ದರು, ಇಲ್ಲವೇ ಉಳಿಯಲಿಲ್ಲ. ಮೊದಲ ದಿನವೇ ನಾನು ಕೆಂಪು ಪೆನ್ನಲ್ಲಿ ಗುರುತು ಹಾಕಿದವರು ಯಾರು ಅಂತ ತಿರುಗಿಸಿ ನೋಡಿದ ಮೇಲೆಯೇ ನಮ್ಮ ಹಿರಿಯ ಇಂಟೆನ್ಸಿವಿಸ್ಟ್ (ಐಸಿಯು ತಜ್ಞರು) ಶೀಟನ್ನು ಫೈಲಿಗೆ ಸೇರಿಸಿದ್ದು.

ಗುರುತು ಹಾಕಿದವರಿಗೆ ಮೊದಲ ದಿನವೇ ಫೀಡ್ (ಟ್ಯೂಬಿನಲ್ಲಿ ಕೊಡುವ ಆಹಾರ) ತುಂಬಿಸಬೇಡಿ, ಬಹಳ ದಿನ ಉಣ್ಣದ ಮೈಗೆ ಒಮ್ಮೆಲೇ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿಯುತ್ತದೆ. ಮೊದಲು ಥಯಮಿನ್ (ವಿಟಮಿನ್ ಬಿ1), ಆಮೇಲೆ ನಿಧಾನಕ್ಕೆ ಫೀಡ್, ದಿನಾ ಫಾಸ್ಫೇಟ್ ಪರೀಕ್ಷೆ. ಅದು 2 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗೆ ಬಿದ್ದರೆ ನಾನು ಫೀಡ್ ಇಳಿಸಿಸುತ್ತೇನೆ. ಪ್ರೋಟೀನ್ ದಿನಕ್ಕೆ ಕೆ.ಜಿ. ತೂಕಕ್ಕೆ 1.3 ಗ್ರಾಂವರೆಗೆ ಹಂತಹಂತವಾಗಿ. 2023ರ ಎಫರ್ಟ್ ಟ್ರಯಲ್‌ನಲ್ಲಿ 2.2 ಕೊಟ್ಟೂ ಲಾಭ ಕಾಣಲಿಲ್ಲ, ಕಿಡ್ನಿ ಪೆಟ್ಟಾದವರಿಗೆ ಹಾನಿಯ ಸೂಚನೆಯೇ ಇತ್ತು.

ಇದರ ಜೊತೆಗೆ ರಾಗಿ ಫೀಡೂ ಮಾಡಿ ನೋಡಿದೆ. ಪೂರ್ತಿ ಫೀಡಿನಲ್ಲಿ ಇರುವವರಿಗೆ ಕಂಪನಿ ಪುಡಿ ದಿನಕ್ಕೆ ಹತ್ತಿರ ಒಂದು ಡಬ್ಬಿ ಬೇಕು, ಆರುನೂರು ಏಳುನೂರು ರೂಪಾಯಿ. ಬರೀ ರಾಗಿ ಗಂಜಿ ಆರುತ್ತಲೇ ಗಟ್ಟಿಯಾಗಿ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆ) ಕಟ್ಟಿಕೊಂಡಿತು, ಸಿಸ್ಟರ್‌ಗಳು ನನ್ನ ಮೇಲೆ ರೇಗಿದರು. ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿ ಹಿಟ್ಟು ತೆಳ್ಳಗೇ ಉಳಿಯುತ್ತದೆ. ಅದಕ್ಕೆ ಹಾಲಿನಪುಡಿ, ಬೆಂದ ಮೊಟ್ಟೆಯ ಬಿಳಿಭಾಗ, ಎಣ್ಣೆ. ಎರಡು ಸಲ ಸೋಸಿ, ಮಾಡಿದ ಎರಡು ಗಂಟೆಯೊಳಗೆ ಕೊಡಬೇಕು. ಖರ್ಚು ನೂರೈವತ್ತರ ಹತ್ತಿರ. ಪ್ರಮಾಣ ಮಾತ್ರ ಕೇಳಬೇಡಿ.

ಈಗ ಸ್ವಂತ ದುಡ್ಡಲ್ಲಿ ಕೈಹಿಡಿತ ಅಳೆಯುವ ಡೈನಮೋಮೀಟರ್ ತಂದಿದ್ದೇನೆ, ಮೂರು ಸಾವಿರ ಚಿಲ್ಲರೆ. 2019ರ ಏಷ್ಯಾದ ಅಳತೆಯಲ್ಲಿ ಗಂಡಸರಿಗೆ 28, ಹೆಂಗಸರಿಗೆ 18 ಕೆ.ಜಿ. ಇದಕ್ಕಿಂತ ಕೆಳಗಿದ್ದರೆ ದುರ್ಬಲ ಅಂತ ಲೆಕ್ಕ. ವೆಂಟಿಲೇಟರ್ ಟ್ಯೂಬ್ ತೆಗೆಯುವ ಮುಂಚೆ ಎಚ್ಚರ ಇರುವವರ ಕೈಗೆ ಕೊಟ್ಟು ನೋಡುತ್ತಿದ್ದೇನೆ. ಇನ್ನೂ ಬೆರಳೆಣಿಕೆಯಷ್ಟು ಜನ ಆಗಿದ್ದಾರೆ, ಐವತ್ತು ದಾಟಿದ ಮೇಲೆ ಬರೆಯುತ್ತೇನೆ.