11 ಸಹಿಯ ಕಡತ

ಬೆಂಗಳೂರಿನ ನಮ್ಮ ವಿಶ್ವವಿದ್ಯಾಲಯದ ಗೇಟಿಗೆ ‘ಜ್ಞಾನ ಆರ್ಥಿಕತೆಯತ್ತ’ ಅಂತ ಬ್ಯಾನರ್ ಕಟ್ಟಿದ ವರ್ಷವೇ ನಾವೊಂದು ಪೇಟೆಂಟ್ ಕಳೆದುಕೊಂಡೆವು. ಆಗ ನಾನು ಸಂಶೋಧನಾ ವಿಭಾಗದ ಉಪಕುಲಸಚಿವ.

ಮೆಕ್ಯಾನಿಕಲ್ ವಿಭಾಗದ ಪಿಎಚ್‌ಡಿ ಹುಡುಗಿಯೊಬ್ಬಳು ಪುಟ್ಟ ಸಾಧನ ಮಾಡಿದ್ದಳು. ಲೋಹ ಕಡೆಯುವ ಲೇತ್ ಯಂತ್ರದ ಟೂಲ್ ಸವೆದಿದ್ದರೆ ಅದು ಶಬ್ದದಲ್ಲೇ ಹಿಡಿಯುತ್ತಿತ್ತು. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಇಟ್ಟಿರುವ ಒಬ್ಬರು ನೋಡಿ ಖುಷಿಪಟ್ಟರು. ಮೊದಲು ಕೇಳಿದ್ದೇ ಇದು: “ಪೇಟೆಂಟ್ ಇದೆಯಾ ಸಾರ್? ನಾನು ದುಡ್ಡು ಹಾಕಿ ಮಾರ್ಕೆಟ್ಟಿಗೆ ತಂದ ಮೇಲೆ ಪಕ್ಕದ ಶೆಡ್‌ನವನೂ ಮಾಡಿಬಿಟ್ರೆ?”

ಇರಲಿಲ್ಲ. ಅರ್ಜಿಯ ಕಡತ 7 ತಿಂಗಳಿಂದ ಟೇಬಲ್ಲಿಂದ ಟೇಬಲ್ಲಿಗೆ ಸುತ್ತುತ್ತಿತ್ತು. ಅಷ್ಟರಲ್ಲಿ ಅವಳಿಗೆ ಪದವಿ ಬಂತು. ನಿಯಮದಂತೆ ನಮ್ಮ ಗ್ರಂಥಾಲಯದವರು ಪ್ರಬಂಧವನ್ನು ಶೋಧಗಂಗಾಕ್ಕೆ, ಅಂದರೆ ಪಿಎಚ್‌ಡಿ ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದಾದ ಆನ್‌ಲೈನ್ ಭಂಡಾರಕ್ಕೆ, ಹಾಕಿಬಿಟ್ಟರು. ಅರ್ಜಿ ಹಾಕುವ ಮೊದಲೇ ವಿಷಯ ಹೊರಗೆ ಬಂದರೆ ಹೊಸತನ ಹೋಯಿತು ಅಂತಲೇ ಕಾನೂನಿನ ಲೆಕ್ಕ, ವಿನಾಯಿತಿ ತೀರಾ ಕಡಿಮೆ. ಗ್ರಂಥಾಲಯದವರದ್ದೇನು ತಪ್ಪು? ಅವರಿಗೆ ಯಾರೂ ಹೇಳಿರಲಿಲ್ಲ.

ಕಡತ ತರಿಸಿಕೊಂಡು ಸಹಿ ಎಣಿಸಿದೆ. 11 ಇದ್ದವು. ‘ಚರ್ಚಿಸಿ’, ‘ಹಿಂದಿನ ಟಿಪ್ಪಣಿ ಲಗತ್ತಿಸಿ’, ‘ಪುನಃ ಮಂಡಿಸಿ’. ಒಬ್ಬರಂತೂ ಹಸಿರು ಇಂಕಿನಲ್ಲಿ ‘ಪೇಟೆಂಟ್ ಎಂದರೇನು, ವಿವರಿಸಿ’ ಅಂತ ಬರೆದಿದ್ದರು. ಪ್ರಶ್ನೆ ಸರಿಯಾಗೇ ಇದೆ, ಅಲ್ವಾ? ಅದಕ್ಕೆ ಉತ್ತರ ಬರೆಯೋಕೆ ನಾವು 5 ವಾರ ತಗೊಂಡಿದ್ದೆವು.

ದುಡ್ಡು ಅಡ್ಡ ಬಂದಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲೇ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕ ಶೇ 80ರಷ್ಟು ಇಳಿದಿತ್ತು. ಆನ್‌ಲೈನ್ ಅರ್ಜಿಗೆ 8,000 ಇದ್ದದ್ದು 1,600 ರೂಪಾಯಿ. ವಕೀಲರ ಫೀಸೇ ಜಾಸ್ತಿ.

ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಗೆ ಎರಡೇ ವಿಷಯ ಒಯ್ದೆ. ಪೇಟೆಂಟ್ ಖರ್ಚಿಗೆ ಒಂದು ಮಿತಿಯವರೆಗೆ ಕುಲಸಚಿವರೇ ಒಪ್ಪಿಗೆ ಕೊಡಲಿ, 3 ಸಹಿ ಸಾಕು. ಇನ್ನೊಂದು, ಪ್ರಬಂಧ ಸಲ್ಲಿಸುವ ಮೊದಲು ಒಂದು ಪುಟದ ಫಾರಂ: ಪೇಟೆಂಟ್‌ಗೆ ಬರುವಂಥದ್ದು ಇದರಲ್ಲಿ ಏನಾದರೂ ಇದೆಯಾ? ಇದ್ದರೆ ಮೊದಲು ತಾತ್ಕಾಲಿಕ ವಿವರಣೆಯ ಅರ್ಜಿ ಹೋಗಬೇಕು. ಪೂರ್ತಿ ವಿವರಣೆ ಕೊಡಲು ಆಮೇಲೆ 12 ತಿಂಗಳು ಸಮಯ ಇರುತ್ತದೆ.

ಹಣಕಾಸು ಅಧಿಕಾರಿ ಸುಮ್ನೆ ಒಪ್ಪಲಿಲ್ಲ. “ಆಡಿಟ್‌ನವರು ಕೇಳಿದರೆ ನೀವೇ ಬಂದು ಉತ್ತರ ಕೊಡಿ ಸ್ವಾಮಿ” ಅಂದರು. ಬರ್ತೀನಿ ಅಂದೆ. ಎರಡು ಸಲ ಹೋಗಿಯೂ ಬಂದೆ.

ಆ ಸಾಧನದ ಪೇಟೆಂಟ್ ಕಳೆದೇ ಹೋಯಿತು. ಆದರೆ ಅವಳು ಪಕ್ಕದ ಯಂತ್ರಗಳ ಗದ್ದಲವನ್ನು ಸೋಸುವ ಹೊಸ ವಿಧಾನ ಕಂಡುಹಿಡಿದಾಗ 9 ದಿನದಲ್ಲಿ ಅರ್ಜಿ ಹೋಯಿತು. ಪೀಣ್ಯದವರು ತಮ್ಮ ಲೇತ್‌ಗೇ ಹಾಕಿಸಿಕೊಂಡು ಪರೀಕ್ಷೆ ಮಾಡುತ್ತಿದ್ದಾರೆ. ಇನ್ನೂ ಒಂದು ರೂಪಾಯಿ ಬಂದಿಲ್ಲ. ಟೂಲ್ ತಂಪಾಗಿಡುವ ಕೂಲಂಟ್ ದ್ರವ ಜೋರಾಗಿ ಬಿದ್ದರೆ ಸಾಧನ ಸುಳ್ಳು ಹೇಳುತ್ತದಂತೆ. ಹಾಗಾದಾಗೆಲ್ಲ ಅವರು ಫೋನ್ ಮಾಡುವುದು ನಮ್ಮ ಕಚೇರಿಗಲ್ಲ, ನೇರ ಅವಳಿಗೇ.